ಒಳಮೈಯ ಕೆಂಪು ದಾರ

ಮೂಟೆ ಬಿಚ್ಚಿದ ಕೂಡಲೇ ಮೊದಲು ಮುಖಕ್ಕೆ ಹೊಡೆಯುತ್ತಿದ್ದುದು ಬೆವರಿನ ವಾಸನೆ. ಯಾರದೋ ಬೆವರು, ಮುಖ ಕಾಣದವರದು. ಸೊಂಟಕ್ಕೆ ಕಟ್ಟುವ ಅಗಲದ ನೈಲಾನು ಬೆಲ್ಟುಗಳು ಒಂದಕ್ಕೊಂದು ಸುತ್ತಿಕೊಂಡು, ಸುಣ್ಣ ಸಿಮೆಂಟು ಮೆತ್ತಿಕೊಂಡು ನೆಲಕ್ಕೆ ಸುರಿಯುತ್ತಿದ್ದವು. ಎಲ್ಲರೂ ಸೂಜಿ ಎಂದು ಕರೆಯುವ ಅವಳು ಅವನ್ನು ಸೋಡಾಪುಡಿಯ ನೀರಲ್ಲಿ ನೆನೆಸಬೇಕು. ಉಜ್ಜಬೇಕು. ಜೂಲೆದ್ದು ಸವೆದ ಭಾಗವನ್ನು ಕತ್ತರಿಸಿ ಎಸೆಯಬೇಕು. ಉಳಿದ ತುಂಡಿಗೆ ಇನ್ನೊಂದು ಬೆಲ್ಟಿನ ತುಂಡು ಕೂಡಿಸಬೇಕು. ಕೂಡಿಸಿದ್ದು ಕಾಣದಂತೆ ಮೇಲೊಂದು ಹೊಸ ಪಟ್ಟಿ ಹೊದಿಸಿ ದಬ್ಬಣದಿಂದ ಹೊಲಿಯಬೇಕು. ಆಮೇಲೆ ಕಪ್ಪು ಬಣ್ಣದ ಡ್ರಮ್ಮಿಗೆ ಅದ್ದಿ ತಂತಿಯ ಮೇಲೆ ಒಣಗಹಾಕಬೇಕು. ಹೊಳೆಯುವ ಕೊಂಡಿ ಹಾಕಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಮುಗಿಯಿತು. ಹೆತ್ತ ತಾಯಿಯೂ ಗುರುತು ಹಿಡಿಯಲಾರಳು.

ಕೈಯ ಕಪ್ಪು ಮಾತ್ರ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡುವಾಗ ಅವಳು ಉಗುರುಸಂದಿಯನ್ನು ಕಲ್ಲಿಗೆ ತಿಕ್ಕುತ್ತಿದ್ದಳು. ಚರ್ಮ ಕೆಂಪಾಗುತ್ತಿತ್ತು. ಕಪ್ಪು ಅಲ್ಲೇ ಇರುತ್ತಿತ್ತು.

ಸೂಜಿ ಎಂದು ಹೆಸರಿಟ್ಟವಳು ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಇದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲವಂತೆ. ಇಷ್ಟು ತೆಳ್ಳಗೆ, ಇಷ್ಟು ಸದ್ದಿಲ್ಲದೆ ಮೂಲೆಯಲ್ಲಿ ಬಿದ್ದಿರುವುದು ಸೂಜಿಯೇ ಸರಿ, ತುಳಿದಾಗಲೇ ಗೊತ್ತಾಗುವುದು ಎಂದು ಅತ್ತೆ ಅಕ್ಕಪಕ್ಕದವರಿಗೆ ಹೇಳಿ ನಕ್ಕಿದ್ದಳು. ಹೆಸರು ಅಂಟಿಕೊಂಡಿತು. ಆದರೆ ತುಳಿದ ಯಾರಿಗೂ ಅದು ಇದುವರೆಗೆ ಚುಚ್ಚಿದ್ದಿಲ್ಲ.

ಅವರಿದ್ದ ಕೋಣೆ ಹಾಜಿಸಾಹೇಬರದು. ಮುಂದೆ ಅವರ ಹಗ್ಗದಂಗಡಿ, ಹಿಂದೆ ಗೋದಾಮು, ಗೋದಾಮಿನ ಪಕ್ಕ ಈ ಕೋಣೆ. ಗಂಡ ಅಲ್ಲೇ ಮೂಟೆ ಹೊರುತ್ತಿದ್ದ. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಕೋಣೆಯ ಕಿಟಕಿ ಬೀದಿಗೆ ತೆರೆದಿತ್ತು. ಬೀದಿಯಾಚೆ ಒಂದು ಎತ್ತರದ ಕಟ್ಟಡ ಏಳುತ್ತಿತ್ತು.

ಹಾಜಿಸಾಹೇಬರೆಂದರೆ ಬೀದಿಗೆಲ್ಲ ಗೌರವ. ಅಂಗಡಿಯ ಗೋಡೆಯ ಮೇಲೆ, ಬಂದವರಿಗೆ ಎದುರಾಗುವಂತೆ, ಅಳತೆಯಲ್ಲಿ ಮೋಸ ಮಾಡಬೇಡಿ ಎಂಬ ದೇವವಾಕ್ಯದ ಚೌಕಟ್ಟು. ಅದು ಬರಿಯ ತೋರಿಕೆಯೂ ಅಲ್ಲ. ಹಗ್ಗ ಅಳೆದು ಕತ್ತರಿ ಇಡುವ ಮುಂಚೆ ಅವರು ಒಂದು ಗೇಣು ಹೆಚ್ಚಿಗೆ ಬಿಡುತ್ತಿದ್ದರು. ಯಾರು ಬೇಡವೆಂದರೂ ಕೇಳುತ್ತಿರಲಿಲ್ಲ. ನಾಳೆ ದೇವರ ಮುಂದೆ ಈ ಗೇಣು ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ ಎನ್ನುತ್ತಿದ್ದರು. ಕಟ್ಟಡಕ್ಕೆ ಬಣ್ಣ ಬಳಿಯುವವರು ಎಲ್ಲೆಲ್ಲಿಂದಲೋ ಅವರಲ್ಲಿಗೇ ಬರುತ್ತಿದ್ದರು. ಗೇಣು ಹೆಚ್ಚು ಕೊಡುವವನು ಬೆಲ್ಟಿನಲ್ಲಿ ಮೋಸ ಮಾಡುತ್ತಾನೆಂದು ಯಾರು ತಾನೇ ಕನಸು ಕಂಡಾರು?

ಸೂಜಿಯೂ ಕಂಡಿರಲಿಲ್ಲ. ಅವಳನ್ನು ಮೊದಲು ಕರೆದದ್ದು ಹರಿದ ತಾಡಪಾಲು, ಚೀಲ ರಫೂ ಮಾಡುವುದಕ್ಕೆ. ಆಮೇಲೆ ಈ ಬೆಲ್ಟುಗಳು ಬಂದವು. ಸಾಮಾನು ಕಟ್ಟುವುದಕ್ಕೆ ಇರಬೇಕು ಎಂದುಕೊಂಡು ಹೊಲಿಯುತ್ತಾ ಹೋದಳು. ಒಂದು ಬೆಳಿಗ್ಗೆ ದಾರ ಕಡಿಯಲು ತಲೆ ಎತ್ತಿದಾಗ ಎದುರು ಕಟ್ಟಡದ ಗೋಡೆಯಲ್ಲಿ ಒಬ್ಬ ತೂಗುತ್ತಿದ್ದ. ಕೈಯಲ್ಲಿ ಬಣ್ಣದ ರೋಲರು. ಕಾಲು ಗೋಡೆಗೆ ಒತ್ತಿಕೊಂಡಿತ್ತು. ಮೈಭಾರವೆಲ್ಲ ಹಿಂದಕ್ಕೆ, ಸೊಂಟದ ಕಪ್ಪು ಬೆಲ್ಟಿನ ಮೇಲೆ. ಅದೇ ಅಗಲ, ಅದೇ ಹೊಳೆಯುವ ಕೊಂಡಿ, ಮಧ್ಯದಲ್ಲಿ ಅದೇ ಹೊದಿಕೆ ಪಟ್ಟಿ.

ಹಲ್ಲಿನ ಸಂದಿಯಲ್ಲಿದ್ದ ದಾರ ಹಾಗೇ ಉಳಿಯಿತು.

ಅಂದಿನಿಂದ ಅವಳಿಗೆ ಆ ಕಿಟಕಿಯೇ ಶತ್ರು. ಬಟ್ಟೆ ಕಟ್ಟಿ ಮುಚ್ಚಿದಳು. ಬೀದಿಯಲ್ಲಿ ಯಾರಾದರೂ ಜೋರಾಗಿ ಕೂಗಿದರೆ ಯಾರೋ ಬಿದ್ದರೆಂದೇ ಎಣಿಸುತ್ತಿದ್ದಳು. ತರಕಾರಿಯವನು ಕೂಗಿದರೂ ಸರಿ. ನೆಲಕ್ಕೆ ಬುಟ್ಟಿ ಬಿದ್ದ ಸದ್ದಾದರೂ ಸರಿ.

ಗಂಡನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ನೀನು ನೋಡಿಲ್ಲ, ನಾನು ಕೇಳಿಲ್ಲ, ಅವರ ಸೂರಿನ ಕೆಳಗೆ ಕೂತು ಅವರ ತೊಲೆ ಎಣಿಸಬಾರದು ಎಂದ. ಅವನ ಕತ್ತಿನ ಮೇಲೆ ಮೂಟೆಯ ಗಾಯ ಒಣಗುವುದೂ ಇಲ್ಲ, ಹೊಸದಾಗುವುದೂ ಇಲ್ಲ ಎನ್ನುವ ಹಾಗಿತ್ತು. ಅವನಿಗೂ ಹೆದರಿಕೆ. ಅವಳಿಗದು ತಿಳಿಯುತ್ತಿತ್ತು. ಇಬ್ಬರ ಹೆದರಿಕೆ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಮಲಗುತ್ತಿತ್ತು.

ಕೊನೆಗೊಂದು ದಿನ, ಹೊಲಿದ ಬೆಲ್ಟುಗಳನ್ನು ಅಂಗಡಿಗೆ ಒಪ್ಪಿಸುವಾಗ, ಸೆರಗಿನ ತುದಿ ಹಿಂಡುತ್ತಾ ಅವಳೇ ಕೇಳಿದಳು. ಇವು ಹಳೆಯವು ಅಂತ ಕೊಳ್ಳುವವರಿಗೆ ಹೇಳಿದರೆ ಒಳ್ಳೆಯದಲ್ಲವೇ ಎಂದು.

ಹಾಜಿಸಾಹೇಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮೆತ್ತಗೆ ನಕ್ಕು, ಹೊಸದನ್ನು ಕೊಳ್ಳುವ ತಾಕತ್ತು ಬಡವರಿಗೆಲ್ಲಿದೆ, ನಾನಿದನ್ನು ಸೇವೆ ಅಂತ ಮಾಡುತ್ತಿದ್ದೇನೆ ಎಂದರು. ನಿಮ್ಮ ಕೋಣೆಯ ಗೋಡೆ ಸೋರುತ್ತದಂತೆ, ರಿಪೇರಿ ಮಾಡಿಸಬೇಕು, ಆದರೆ ರಿಪೇರಿ ಎಂದರೆ ಖಾಲಿ ಮಾಡಿಸಬೇಕಾಗುತ್ತದೆ, ಅದಕ್ಕೇ ಸುಮ್ಮನಿದ್ದೇನೆ ಎಂದರು. ಆಮೇಲೆ ಒಂದು ಬೆಲ್ಟು ಎತ್ತಿ ಅವಳ ಹೊಲಿಗೆಯ ಮೇಲೆ ಹೆಬ್ಬೆರಳು ಸವರಿದರು.

"ಒಂದು ಮಾತು ನೆನಪಿಟ್ಕೋ ಮಗಳೇ. ನಿನ್ನ ಹೊಲಿಗೆ ಗಟ್ಟಿ ಇದ್ರೆ ಯಾರೂ ಬೀಳಲ್ಲ. ಬಿದ್ರೆ ಅದು ಬೆಲ್ಟಿನ ತಪ್ಪಲ್ಲ."

ಅವಳು ಹೊರಗೆ ಬಂದಳು. ಮೆಟ್ಟಿಲ ಬಳಿ ನಿಂತಾಗಲೇ ಆ ಮಾತಿನ ಅರ್ಥ ಒಳಗಿಳಿದದ್ದು. ಬೀಳುವವನ ಪಾಪವನ್ನೂ ಅವಳ ಲೆಕ್ಕಕ್ಕೇ ಬರೆದಾಗಿತ್ತು.

ಅವಳ ಅಪ್ಪನೂ ರಫೂಗಾರ. ದರ್ಜಿಯೊಬ್ಬನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಇಲಿ ಕಡಿದ ಕೋಟು, ಕಿಡಿ ಬಿದ್ದು ಸುಟ್ಟ ಶಾಲು ರಫೂ ಮಾಡುತ್ತಿದ್ದ. ಅವನು ಮಾಡಿದ ರಫೂ ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗುತ್ತಿರಲಿಲ್ಲ. ಅದಕ್ಕೇ ಅವನೊಂದು ಪದ್ಧತಿ ಇಟ್ಟುಕೊಂಡಿದ್ದ. ಕೆಲಸ ಮುಗಿದ ಮೇಲೆ ಬಟ್ಟೆಯ ಒಳಮೈಯಲ್ಲಿ, ರಫೂ ಇರುವ ಜಾಗದಲ್ಲೇ, ಕೆಂಪು ದಾರದ ಒಂದು ಸಣ್ಣ ಬಾಲ ಬಿಡುತ್ತಿದ್ದ. ಮುಂದೆ ಯಾರಾದರೂ ಅದನ್ನು ಕೊಂಡರೆ ಒಳಗೆ ಕೈ ಹಾಕಿದಾಗ ಬೆರಳಿಗೆ ತಗುಲಬೇಕು, ಇಲ್ಲಿ ಹರಿದಿತ್ತು ಎಂದು ತಿಳಿಯಬೇಕು. ಮಾರಲೆಂದೇ ರಫೂ ಮಾಡಿಸಿದ ಗಿರಾಕಿಗಳು ಬೈಯುತ್ತಿದ್ದರು. ಅವನು ಸೂಜಿಗೆ ದಾರ ಪೋಣಿಸುತ್ತಲೇ ಕಾಳಿನ ಕಥೆ ಹೇಳುತ್ತಿದ್ದ. ಪೈಗಂಬರರು ಸಂತೆಯಲ್ಲಿ ಕಾಳಿನ ರಾಶಿಯೊಳಗೆ ಕೈಯಿಟ್ಟರು, ಒಳಗೆಲ್ಲ ಒದ್ದೆ. ಮಳೆ ಬಿತ್ತು ಸ್ವಾಮಿ ಎಂದ ಕಾಳಿನವನು. ಮಳೆ ನಿನ್ನ ತಪ್ಪಲ್ಲ, ಒದ್ದೆಯಾದದ್ದನ್ನು ಮೇಲೆ ಯಾಕೆ ಇಡಲಿಲ್ಲ ಎಂದರು ಅವರು. ಕಥೆ ಮುಗಿಸಿ ಅಪ್ಪ ಪ್ರತಿ ಸಲವೂ ಮಗಳ ಕಡೆ ತಿರುಗಿ, "ರಫೂ ಮಾಡೋದು ಪಾಪ ಅಲ್ಲಮ್ಮ, ಮಾಡಿಲ್ಲ ಅನ್ನೋದು ಪಾಪ" ಎನ್ನುತ್ತಿದ್ದ.

ಬಾಯಿಂದ ಹೇಳಲಾಗದ್ದನ್ನು ದಾರದಿಂದ ಹೇಳಬಹುದಲ್ಲ ಎಂದು ಅವಳಿಗೆ ಹೊಳೆದದ್ದು ಅಪ್ಪನ ನೆನಪಿನಿಂದ. ಬೆಲ್ಟು ಬಣ್ಣದಿಂದ ಎದ್ದು ಒಣಗಿದ ಮೇಲೆ, ಕೊಂಡಿ ಹಾಕುವ ಹೊತ್ತಿಗೆ, ಕೂಡಿಸಿದ ಜಾಗದ ಒಳಮೈಯಲ್ಲಿ ಒಂದು ಕೆಂಪು ಬಾಲ ಬಿಟ್ಟಳು. ಕಿರುಬೆರಳಿನ ಉಗುರಿಗಿಂತ ಉದ್ದವಿಲ್ಲ. ಕಟ್ಟಿಕೊಳ್ಳುವವನು ಮುಟ್ಟಿ ನೋಡಲಿ. ಇದೇನು ಎಂದು ಅನುಮಾನ ಪಡಲಿ. ಎಳೆದು, ಹೊದಿಕೆ ಬಿಚ್ಚಿ ನೋಡಲಿ. ಒಬ್ಬ ನೋಡಿದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ನಾನು ಬಾಯಿ ತೆರೆಯಬೇಕಾಗಿಲ್ಲ.

ಮೊದಲ ಮೂಟೆ ಅಂಗಡಿಗೆ ಹೋದ ದಿನ ಅವಳಿಗೆ ಜ್ವರ ಬಂದಿತು.

ಏನೂ ಆಗಲಿಲ್ಲ. ಮತ್ತೆ ಹೊಲಿದಳು. ಮತ್ತೆ ಬಾಲ ಬಿಟ್ಟಳು. ಮಳೆಗಾಲ ಕಳೆಯಿತು. ಬಾಗಿಲ ಮುಂದೆ ಚಪ್ಪಲಿಯ ಸದ್ದಾದಾಗಲೆಲ್ಲ ಇವತ್ತು ಕರೆಯುತ್ತಾರೆ, ಇವತ್ತು ಖಾಲಿ ಮಾಡಿ ಅನ್ನುತ್ತಾರೆ ಎಂದುಕೊಳ್ಳುತ್ತಿದ್ದಳು.

ಕರೆದೇಬಿಟ್ಟರು.

ಅಂಗಡಿಯಲ್ಲಿ ಹಾಜಿಸಾಹೇಬರ ಕೈಯಲ್ಲಿ ಒಂದು ಬೆಲ್ಟು ಮಗುಚಿಕೊಂಡಿತ್ತು. ಕೆಂಪು ಬಾಲ ಕಾಣುತ್ತಿತ್ತು. ಇದೇನು ಎಂದು ಕೇಳಿದರು. ಅವರು ಕಾದರು. ಅವಳು ನೆಲ ನೋಡಿದಳು. ಕಡೆಗೆ ಅವರೇ ಮುಗುಳ್ನಕ್ಕು ಒಂದು ಪೊಟ್ಟಣ ಅವಳತ್ತ ತಳ್ಳಿದರು. ಬಿಚ್ಚಿದರೆ ಒಳಗೆ ಕೆಂಪು ದಾರದ ಉಂಡೆಗಳು.

ಆದದ್ದು ಇಷ್ಟು. ಎದುರು ಕಟ್ಟಡದ ಬಣ್ಣದವರಲ್ಲಿ ಜೇಡ ಎಂಬವನೊಬ್ಬ. ಗೋಡೆಯ ಮೇಲೆ ಓಡಾಡುವ ಚುರುಕಿಗೆ ಬಂದ ಹೆಸರು. ಅವನು ಒಂದು ದಿನ ಕಾಲು ಜಾರಿ, ಅಂಗೈಯಗಲದ ಬೆಲ್ಟಿನ ಮೇಲೆ ತೂಗಾಡಿ ಬದುಕಿಕೊಂಡಿದ್ದ. ಕೆಳಗಿಳಿದು ಬೆಲ್ಟು ಮಗುಚಿದರೆ ಒಳಗೆ ಕೆಂಪು ದಾರ. ಇದೇ ಕಾಪಾಡಿದ್ದು ಎಂದ. ಇನ್ನೊಬ್ಬ ತನ್ನದನ್ನು ನೋಡಿದ, ಅದರಲ್ಲಿರಲಿಲ್ಲ, ಅವನಿಗೆ ಹೆದರಿಕೆಯಾಯಿತು. ಬಾಯಿಂದ ಬಾಯಿಗೆ ಕಥೆ ಬೆಳೆಯಿತು. ಆ ದಾರಕ್ಕೆ ದುವಾದ ಪ್ರಾರ್ಥನೆ ಓದಿ ಊದಿರುತ್ತಾರಂತೆ. ಹಾಜಿಸಾಹೇಬರ ಮನೆಯಲ್ಲೇ ಓದುತ್ತಾರಂತೆ. ಈಗ ಬಂದವರೆಲ್ಲ ಕೆಂಪು ದಾರದ್ದೇ ಕೊಡಿ ಎನ್ನುತ್ತಿದ್ದರು. ಹಾಜಿಸಾಹೇಬರು ಹೌದು ಎಂದಿರಲಿಲ್ಲ, ಅಲ್ಲ ಎಂದೂ ಹೇಳಿರಲಿಲ್ಲ. ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಿಡುತ್ತಿದ್ದರು, ಅಷ್ಟೇ.

ಇನ್ನು ಮೇಲೆ ಎಲ್ಲದಕ್ಕೂ ಹಾಕು, ಸ್ವಲ್ಪ ಉದ್ದ ಬಿಡು, ಹೊರಗೆ ಕಾಣಲಿ ಎಂದರು.

ಅವಳು ಪೊಟ್ಟಣ ಹಿಡಿದು ಕೋಣೆಗೆ ಬಂದು ಡ್ರಮ್ಮಿನ ಪಕ್ಕ ಕುಸಿದಳು. ಅಪ್ಪನ ದಾರ. ದೂರ ಇರಿ ಎಂದು ಹೇಳಲು ಕಟ್ಟಿದ್ದು ಹತ್ತಿರ ಬನ್ನಿ ಎಂದು ಕರೆಯುತ್ತಿತ್ತು. ಅಂಗಡಿಯಲ್ಲೇ ಇದ್ದ ದಾರ ಇಲ್ಲದ ಬೆಲ್ಟು, ಅಂದರೆ ನಿಜವಾಗಿ ಹೊಸದಾದದ್ದು, ಯಾರಿಗೂ ಬೇಡವಾಗಿತ್ತು.

ಮುಂದಿನ ಮೂಟೆ ಬಂದಾಗ ಅವಳು ಎಂದಿನಂತೆ ಗಂಟು ಬಿಚ್ಚಿ ಸುರಿದಳು. ಬೆವರಿನ ವಾಸನೆ. ಸಿಮೆಂಟು. ಬೆಲ್ಟುಗಳ ನಡುವೆ ಒಂದು ಕಪ್ಪಾಗಿ ಹೊಳೆಯುತ್ತಿತ್ತು. ಇನ್ನೂ ಹೊಸ ಬಣ್ಣ. ಎತ್ತಿದರೆ ಅರ್ಧವೇ ಕೈಗೆ ಬಂತು. ಹೊದಿಕೆ ಪಟ್ಟಿಯ ಅಂಚಿನಲ್ಲಿ ಹರಿದಿತ್ತು. ಕತ್ತರಿಸಿದ್ದಲ್ಲ. ಎಳೆ ಎಳೆಯಾಗಿ ಕಿತ್ತು ಬಂದದ್ದು. ಅವಳ ಹೊಲಿಗೆ ಹಾಗೆಯೇ ಗಟ್ಟಿಯಾಗಿತ್ತು. ಹೊಲಿಗೆಯ ಪಕ್ಕದ ಹಳೆಯ ನೈಲಾನು ಸತ್ತಿತ್ತು. ಒಳಮೈಯಲ್ಲಿ ಕೆಂಪು ಬಾಲ ಇನ್ನೂ ಇತ್ತು.

ಎಷ್ಟೋ ಹೊತ್ತು ಅದನ್ನು ಹಿಡಿದೇ ಕೂತಿದ್ದಳು. ಕಟ್ಟಿಕೊಂಡಿದ್ದವನು ಎಲ್ಲಿದ್ದಾನೆ? ಹರಿದಾಗ ಅವನು ನೆಲದ ಮೇಲಿದ್ದನೇ, ಗೋಡೆಯ ಮೇಲಿದ್ದನೇ? ಗಂಡನನ್ನು ಕೇಳಿದಳು. ಎಲ್ಲಿಯ ಮಾಲು, ಯಾವ ಕಟ್ಟಡದ್ದು ಎಂದು. ಅವನು ಬೆಲ್ಟನ್ನು ನೋಡಿದ. ದಾರವನ್ನು ನೋಡಿದ. ಬಣ್ಣಗೆಟ್ಟ ಮುಖವನ್ನು ಅತ್ತ ತಿರುಗಿಸಿಕೊಂಡ.

"ಮೂಟೆಯಲ್ಲಿ ಬಂತು. ಮೂಟೆಗೆ ಬಾಯಿಲ್ಲ."

"ನಮಗಿದೆಯಲ್ಲ" ಎಂದಳು ಸೂಜಿ. ಹೇಳಿದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

ಚಾಪೆಯ ಮೇಲಿದ್ದ ಅತ್ತೆ ಕೈ ಚಾಚಿದಳು. ಬೆಲ್ಟಿನ ತುಂಡನ್ನು ಇಸಿದುಕೊಂಡು ಬೆರಳಿನಿಂದಲೇ ಓದುವವಳಂತೆ ಹರಿದ ತುದಿ ಸವರಿದಳು, ಹೊಲಿಗೆ ಸವರಿದಳು, ದಾರದ ಬಾಲ ಹಿಡಿದಳು. ಇದು ನಿಮ್ಮಪ್ಪನ ಗುರುತಲ್ಲವೇ ಎಂದು ಕೇಳಿದಳು. ಸೊಸೆ ಹೂಂ ಎಂದಳು. ಮದುವೆಗೆ ಕೊಟ್ಟ ಶಾಲಿನಲ್ಲೂ ಇತ್ತು, ಬೀಗ ಎಷ್ಟು ಜಿಪುಣ, ಹರಿದದ್ದು ಕೊಟ್ಟ ಎಂದು ನಾನು ಬೈದಿದ್ದೆ ಎಂದಳು ಅತ್ತೆ.

ನನಗೆ ಹೆದರಿಕೆಯಾಗುತ್ತದೆ ಎಂದಳು ಸೂಜಿ. ಕೋಣೆ ಹೋಗುತ್ತದೆ. ಇವರ ಕೆಲಸ ಹೋಗುತ್ತದೆ. ಹೊಲಿದವಳು ನಾನೇ, ನನ್ನನ್ನೇ ಹಿಡಿಯುತ್ತಾರೆ.

ಅತ್ತೆ ಇಲ್ಲವೆನ್ನಲಿಲ್ಲ. ಹೆದರಬೇಡ ಎಂದೂ ಹೇಳಲಿಲ್ಲ. ಬೆಲ್ಟಿನ ತುಂಡನ್ನು ಸೊಸೆಯ ಮಡಿಲಿಗೆ ಹಾಕಿ, ಗೋಡೆ ಹಿಡಿದು ಎದ್ದು, ಮೂಲೆಯಲ್ಲಿದ್ದ ಪಾತ್ರೆಗಳ ಕಡೆ ಹೋದಳು.

"ಮನೆ ಬಿಡೋದಾದ್ರೆ ಆ ದೊಡ್ಡ ಹಂಡೆ ನಾನು ಹೊರೋಲ್ಲ. ಈಗಲೇ ಹೇಳಿಬಿಟ್ಟಿದ್ದೀನಿ" ಎಂದಳು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅಂಗಡಿ ತುಂಬುತ್ತಿತ್ತು. ಎದುರು ಕಟ್ಟಡದ ಬೀದಿಬದಿಯ ಗೋಡೆಗೆ ಕೊನೆಯ ಸುತ್ತಿನ ಬಣ್ಣ ಶುರುವಾಗಿತ್ತು. ಗುತ್ತಿಗೆದಾರ ಹೊಸ ಆಳುಗಳನ್ನು ಕರೆಸಿದ್ದ. ಬೆಲ್ಟು ಅವರವರೇ ತಂದುಕೊಳ್ಳಬೇಕು. ಸೂಜಿ ಹಿಂಬಾಗಿಲಿನಿಂದ ಒಳಗೆ ಬಂದಾಗ ಬಣ್ಣ ಮೆತ್ತಿದ ಅಂಗಿಗಳ ಗೋಡೆಯೇ ಎದುರಾಯಿತು. ಅವಳ ಮುಷ್ಟಿಯಲ್ಲಿ ಹೊಲಿಗೆ ಬಿಚ್ಚುವ ಬ್ಲೇಡು, ಸೆರಗಿನೊಳಗೆ ಹರಿದ ತುಂಡು. ಇಷ್ಟು ಗಂಡಸರ ನಡುವೆ ಅವಳು ಎಂದೂ ನಿಂತವಳಲ್ಲ. ಹಿಂದಕ್ಕೆ ಹೋಗಿಬಿಡೋಣ ಎನಿಸಿತು. ಹಿಂದಕ್ಕೆ ಹೋಗಲೆಂದು ಕಾಲೂ ತೆಗೆದಳು.

ಆಗಲೇ ಕಂಡದ್ದು. ಹಲಗೆಯ ಮುಂದೆ ನಿಂತಿದ್ದ ಜೇಡ ಹೊಸ ಆಳೊಬ್ಬನಿಗೆ ಬೆಲ್ಟು ಆರಿಸಿಕೊಡುತ್ತಿದ್ದ. ಮಗುಚಿ ದಾರ ತೋರಿಸಿ, ಇದು ಇದ್ದರೆ ಕಣ್ಣು ಮುಚ್ಚಿಕೊಂಡು ಜೋತಾಡಬಹುದು ತಮ್ಮ, ಹೆಂಡತಿ ಕೈ ಬಿಟ್ಟರೂ ಇದು ಬಿಡಲ್ಲ ಎಂದು ನಗಿಸುತ್ತಿದ್ದ. ಆಳು ಆ ಕೆಂಪು ಬಾಲವನ್ನು ಬೆರಳಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ.

ಏನು ಮಗಳೇ ಎಂದರು ಹಾಜಿಸಾಹೇಬರು.

ಅವಳು ಆ ಆಳಿನ ಕೈಯಿಂದ ಬೆಲ್ಟು ಎಳೆದುಕೊಂಡಳು. ಹಲಗೆಯ ಮೇಲೆ ಇಟ್ಟು ಹೊದಿಕೆ ಪಟ್ಟಿಯ ಅಂಚಿಗೆ ಬ್ಲೇಡು ಹಾಕಿದಳು. ತಾನೇ ಹಾಕಿದ ಹೊಲಿಗೆ, ಎಲ್ಲಿ ಗಂಟಿದೆ ಎಂದು ಬೆರಳಿಗೆ ಗೊತ್ತು. ಟರ್ ಎಂದು ಬಿಚ್ಚಿತು. ಪಟ್ಟಿ ಎತ್ತಿದಳು. ಕೆಳಗೆ ಎರಡು ಬೇರೆ ಬೇರೆ ಬೆಲ್ಟುಗಳ ತುದಿ, ಒಂದು ಮಾಸಿದ ನೀಲಿ, ಒಂದು ಬೂದು, ಜೂಲೆದ್ದ ಅಂಚು. ಪಕ್ಕದಲ್ಲಿ, ಸೆರಗಿನಿಂದ ತೆಗೆದು, ಹರಿದ ತುಂಡನ್ನು ಇಟ್ಟಳು. ಎಲ್ಲರಿಗೂ ಕಾಣುವಂತೆ ಮೇಲೆ ಇಟ್ಟಳು.

"ಕೆಂಪು ದಾರ ಇದ್ದ ಕಡೆ ಒಳಗೆ ಹಳೇದು" ಎಂದಳು. ಧ್ವನಿ ಎಷ್ಟು ಸಣ್ಣದೆಂದರೆ ಮುಂದಿದ್ದವರಿಗಷ್ಟೇ ಕೇಳಿಸಿತು. "ಅದು ದುವಾ ಅಲ್ಲ. ನೋಡ್ಕೊಳ್ಳಿ ಅಂತ ನಾನು ಹಾಕಿದ ಗುರುತು."

ಮುಂದಿದ್ದವರು ಹಿಂದಿದ್ದವರಿಗೆ ಹೇಳಿದರು.

ಹಾಜಿಸಾಹೇಬರು ಬೆಲ್ಟಿನ ಕಡೆ ನೋಡಲೇ ಇಲ್ಲ. ಇವಳೇ ಹೊಲಿದದ್ದು, ಕೇಳಿ ಬೇಕಾದರೆ, ನನಗೇನು ಗೊತ್ತು, ಇವಳನ್ನು ನಂಬಿ ಕೊಟ್ಟೆ ಎಂದರು. ಮೊದಲ ಸಲ ಅವರ ಮಾತು ಮೆತ್ತಗಿರಲಿಲ್ಲ. ಅಂಗಿಗಳ ಗೋಡೆ ಅವಳ ಕಡೆ ವಾಲಿತು. ಯಾರೋ ಹಲ್ಲು ಕಚ್ಚಿ ಬೈದರು. ಇನ್ಯಾರೋ ಅವಳ ತೋಳಿನ ಹತ್ತಿರ ಕೈ ತಂದರು.

"ಹೌದು" ಎಂದಳು. "ನಾನೇ ಹೊಲಿದೆ. ಹೊಟ್ಟೆಪಾಡಿಗೆ ಹೊಲಿದೆ. ಅದಕ್ಕೇ ನನಗೆ ಗೊತ್ತು."

ಜೇಡ ಹರಿದ ತುಂಡನ್ನೇ ನೋಡುತ್ತಿದ್ದ. ನಗು ಅವನ ಮುಖದಲ್ಲಿ ಮರೆತುಹೋದ ವಸ್ತುವಿನಂತೆ ಉಳಿದಿತ್ತು. ಅವನು ನಿಧಾನವಾಗಿ ತನ್ನ ಸೊಂಟದ ಬೆಲ್ಟು ಬಿಚ್ಚಿದ. ತನ್ನನ್ನು ಕಾಪಾಡಿದ ಬೆಲ್ಟು. ಹಲಗೆಯ ಮೇಲೆ ಅವಳ ಮುಂದೆ ಇಟ್ಟ.

"ಬಿಚ್ಚಕ್ಕಾ. ನಾನು ಯಾವುದರ ಮೇಲೆ ಜೋತಾಡ್ತಿದ್ದೆ, ನೋಡೋಣ."

ಬಿಚ್ಚಿದಳು. ಒಳಗೆ ಮೂರು ತುಂಡು. ನಡುವಿನದು ಬೆರಳಲ್ಲಿ ಉಜ್ಜಿದರೆ ಪುಡಿಯಾಗುವಷ್ಟು ಹಳೆಯದು. ಜೇಡ ಹಲಗೆ ಹಿಡಿದುಕೊಂಡ. ಆಮೇಲೆ ಗೋಡೆಯ ಮೇಲಿನ ಚೌಕಟ್ಟು ನೋಡಿದ, ಹಾಜಿಸಾಹೇಬರನ್ನು ನೋಡಿದ.

"ಹಗ್ಗಕ್ಕೆ ಒಂದು ಗೇಣು ಜಾಸ್ತಿ ಬಿಡ್ತಿದ್ರಲ್ಲ ಸಾಹೇಬ್ರೆ. ಯಾರನ್ನ ಗೋರಿಗೆ ಇಳಿಸೋಕೆ?"

ಕೊಂಡಿಗಳ ಸದ್ದು ಶುರುವಾಯಿತು. ಒಬ್ಬೊಬ್ಬರೇ ಬೆಲ್ಟು ಬಿಚ್ಚಿ ಹಲಗೆಗೆ ಹಾಕುತ್ತಿದ್ದರು. ಅವಳು ಬಿಚ್ಚುತ್ತಿದ್ದಳು. ಬ್ಲೇಡು ಹೊಲಿಗೆಯ ಗೆರೆ ಬಿಟ್ಟು ಸರಿಯಲಿಲ್ಲ. ಹಾಜಿಸಾಹೇಬರು ಜನರ ಪಕ್ಕದಿಂದ ನುಸುಳಿ ಬಾಗಿಲಿಗೆ ಹೋಗಿ, ಅಂಗಡಿ ಮುಚ್ಚಿದೆ, ಹೊರಡಿ ಎನ್ನುತ್ತಾ ಶಟರಿಗೆ ಕೈ ಹಾಕಿದರು. ಶಟರು ಅರ್ಧ ಇಳಿದು ನಿಂತಿತು. ಅದರ ಅಡಿಯಲ್ಲಿ ಒಂದು ಮೂಟೆ ಅಡ್ಡ ಬಿದ್ದಿತ್ತು. ಮೂಟೆಯ ಪಕ್ಕ ಗಂಡ ನಿಂತಿದ್ದ. ಅವನು ಯಾರನ್ನೂ ನೋಡುತ್ತಿರಲಿಲ್ಲ. ಕತ್ತಿನ ಗಾಯ ಒರೆಸಿಕೊಳ್ಳುತ್ತಿದ್ದ. ಮೂಟೆ ಎತ್ತೋ ಎಂದರು ಹಾಜಿಸಾಹೇಬರು. ಅವನು ಎತ್ತಲಿಲ್ಲ.

ಆಗ ಜೇಡನಿಗೆ ನೆನಪಾಯಿತು. ಬೆಳಿಗ್ಗೆ ಬೆಲ್ಟು ಕೊಂಡವನೊಬ್ಬ ನಮಾಜಿಗೂ ಇಳಿಯದೆ ಮೇಲೆಯೇ ಇದ್ದಾನೆ.

ಎಲ್ಲರೂ ಶಟರಿನ ಕೆಳಗೆ ಬಗ್ಗಿ ಬೀದಿಗೆ ನುಗ್ಗಿದರು. ಸೂಜಿಯೂ ಓಡಿದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಇಷ್ಟು ದಿನ ಕಿಟಕಿಗೆ ಬಟ್ಟೆ ಕಟ್ಟಿ ಮರೆಮಾಡಿದ್ದ ಗೋಡೆಯನ್ನು ಅವಳು ತಲೆಯೆತ್ತಿ ನೋಡಿದಳು. ಬಹಳ ಮೇಲೆ, ಸೂರಿನಿಂದ ಇಳಿಬಿಟ್ಟ ಹಗ್ಗಕ್ಕೆ ಬೆಲ್ಟು ಸಿಕ್ಕಿಸಿ, ಒಬ್ಬ ತೂಗುತ್ತಿದ್ದ. ಬೀದಿಯ ತುಂಬ ಕೈಗಳು ಮೇಲೆದ್ದು ಬೀಸುವುದನ್ನು ಕಂಡು ಅವನಿಗೆ ಖುಷಿಯಾಗಿರಬೇಕು. ತನ್ನವರು ತಮಾಷೆಗೆ ಕೂಗುತ್ತಿದ್ದಾರೆ ಎಂದುಕೊಂಡಿರಬೇಕು. ಅವನು ನಕ್ಕ. ಒಂದು ಕೈ ಬಿಟ್ಟು, ಸೊಂಟದಲ್ಲಿ ಹೊರಕ್ಕೆ ಇಣುಕುತ್ತಿದ್ದ ಕೆಂಪು ದಾರವನ್ನು ಎಳೆದು ಹಿಡಿದು ತೋರಿಸಿದ. ನನ್ನ ಹತ್ತಿರವೂ ಇದೆ ಎನ್ನುವಂತೆ.

ಜನರ ಗದ್ದಲದಲ್ಲಿ ಯಾರ ಮಾತೂ ಮೇಲಕ್ಕೆ ಮುಟ್ಟುತ್ತಿರಲಿಲ್ಲ.

ಆ ಗದ್ದಲವನ್ನು ಸೀಳಿಕೊಂಡು ಒಂದು ಧ್ವನಿ ಎದ್ದಿತು. ಕಿಟಕಿಯಲ್ಲಿ ಇಣುಕಿದ್ದ ಅತ್ತೆ, ಅದು ತನ್ನ ಸೊಸೆಯದೆಂದು ತಿಳಿಯದೆ, ಯಾರಮ್ಮ ಅದು ಎಂದು ಕೇಳಿದಳು.

"ದಾರ ನಂಬಬೇಡ! ಹಗ್ಗ ಹಿಡ್ಕೋ! ಎರಡೂ ಕೈಲಿ ಹಿಡ್ಕೊಂಡು ಇಳಿ!"

ಮೇಲಿದ್ದವನ ನಗು ನಿಂತಿತು. ಅವನು ಸೊಂಟ ನೋಡಿಕೊಂಡ. ಎರಡು ಕೈಯಲ್ಲೂ ಹಗ್ಗ ಹಿಡಿದುಕೊಂಡ. ಕೆಳಗೆ, ಬಣ್ಣ ಮೆತ್ತಿದ ಅಂಗಿಗಳು ಒತ್ತಾಗಿ ಅವನ ನೇರಕ್ಕೆ ಬಂದು ನಿಂತವು. ಯಾರೋ ಅಂಗಡಿಯಿಂದ ತಾಡಪಾಲು ತಂದರು. ಎಲ್ಲರೂ ಅಂಚು ಹಿಡಿದು ಬಿಡಿಸಿ ಎಳೆದರು. ಸೂಜಿಗೂ ಒಂದು ಅಂಚು ಸಿಕ್ಕಿತು. ಅದು ಅವಳೇ ಎಂದೋ ರಫೂ ಮಾಡಿದ್ದ ತಾಡಪಾಲು. ಬೆರಳಿಗೆ ತನ್ನ ಹೊಲಿಗೆ ತಗುಲಿತು.

ಅಂಚನ್ನು ಬಿಗಿಯಾಗಿ ಹಿಡಿದು, ಅವಳು ಮೇಲೆ ನೋಡುತ್ತಾ ನಿಂತಳು. ಅವನು ಇಳಿಯತೊಡಗಿದ್ದ.